ಪೇಟಿ ಮಾಸ್ತರನೂ ನನ್ನ ಕೀಲಿಯೂ

ಹೋದ ವಾರ ಹೆಂಡತಿಗೆ ಸೀರೆ ಕೊಳ್ಳಲು ನಾರಾಯಣಪೇಟೆಯ ಬಜಾರಿಗೆ ಹೋಗಿದ್ದೆ. ಊಟದ ಹೊತ್ತಾಗಿತ್ತು. ಅಂಗಡಿಯಾತ ನಮ್ಮನ್ನು ಹೊರಗೆ ನಿಲ್ಲಿಸಿ ಶಟರ್ ಎಳೆದ, ಕೀಲಿ ಹಾಕಿದ, ಮೂರು ಸಲ ಜಗ್ಗಿ ನೋಡಿದ. ತನ್ನ ಸ್ಕೂಟರಿನ ತನಕ ಹೋಗಿ ನಿಂತ. ಏನೋ ನೆನಪಾದವನಂತೆ ತಿರುಗಿ ಬಂದು ಇನ್ನೆರಡು ಸಲ ಜಗ್ಗಿದ. ಟಕ್ ಟಕ್ ಟಕ್. ಸ್ವಲ್ಪ ಬಿಡುವು. ಟಕ್ ಟಕ್.

"ಹಾಂ, ಈಗ ಆತು," ಎಂದೆ ನನಗೇ ತಿಳಿಯದಂತೆ.

ಹೆಂಡತಿ ಶಂಕ್ರಮ್ಮ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. "ನಿಮ್ಮಂಥಾವ ಇನ್ನೊಬ್ಬ ಅದಾನಲ್ರಿ. ಪಾಪ, ಅವನ ಹೇಂತಿ."

ನಮ್ಮ ಕಡೆ ಬೀಗಕ್ಕೆ ಕೀಲಿ, ಬೀಗದ ಕೈಗೆ ಕೀಲಿಕೈ ಅನ್ನುತ್ತೇವೆ. ಆ ಸದ್ದು ಕೇಳಿದ್ದೇ ತಡ, ಪೇಟಿ ಮಾಸ್ತರ ನಮ್ಮ ಶಾಲೆಗೆ ಬಂದ ವರ್ಷ ಕಣ್ಣ ಮುಂದೆ ಬಂತು. ಅಂಗಡಿ ಮತ್ತೆ ತೆರೆದ ಮೇಲೆ ಸೀರೆಯ ಬಣ್ಣ ಯಾವುದೆಂದು ಶಂಕ್ರಮ್ಮ ಎರಡು ಸಲ ಕೇಳಿದರೂ ನಾನು ತಲೆಯಾಡಿಸಿದೆನಂತೆ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು.

ಮಕ್ತಲ್‌ಗೆ ಹತ್ತಿರದ ನಮ್ಮೂರಿನ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಆಗ ನಾನು ಇನ್‌ಚಾರ್ಜ್ ಆಗಿದ್ದೆ. ಹೆಡ್‌ಮಾಸ್ತರನ ಕುರ್ಚಿ ಇತ್ತು, ಹುದ್ದೆ ಇರಲಿಲ್ಲ, ಚಿಂತೆ ಮಾತ್ರ ಪೂರ್ತಿ ಇತ್ತು. ಶಾಲೆಯ ಬೆಂಚು, ಬಕೆಟ್ಟು, ನೀರಿನ ಕೊಡ, ಗೋಡೆ ಗಡಿಯಾರ ಎಲ್ಲದಕ್ಕೂ ನನ್ನ ಸಹಿ. ನಾನು ಮೊದಲೇ ಅನುಮಾನದ ಮನುಷ್ಯ. ಯಾರಾದರೂ ನನ್ನನ್ನು ನೋಡಿ ನಕ್ಕರೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ನಗದೆ ಹೋದರೆ ಯಾಕೆ ನಗಲಿಲ್ಲ ಎಂದು ಸಂಜೆಯ ತನಕ ಯೋಚಿಸುತ್ತೇನೆ. ಹಾಲಿನವಳು ಒಂದು ದಿನ ಹೆಚ್ಚು ಹಾಲು ಹಾಕಿದಳೆಂದು ಅದನ್ನು ಕುಡಿಯದೆ ಇಟ್ಟು ಕೆಡಿಸಿದವನು ನಾನು.

ಮುಂಗಾರು ಆಗಷ್ಟೇ ಹಿಡಿದಿತ್ತು. ಹೊಲಗಳಲ್ಲಿ ತೊಗರಿ ಬಿತ್ತನೆ ನಡೆದಿತ್ತು. ಮಕ್ಕಳ ಕಾಲಿನ ಕೆಸರಿನಿಂದ ಶಾಲೆಯ ಪಡಸಾಲೆಯೂ ಒಂದು ಹೊಲವೇ ಆಗಿತ್ತು. ಮಂಡಲದ ಶಿಕ್ಷಣಾಧಿಕಾರಿಗಳು ಫೋನು ಮಾಡಿದರು. ಗದ್ವಾಲಿನಿಂದ ಒಬ್ಬರು ಪ್ರತಿ ಶನಿವಾರ ಬಂದು ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಹಾಡು ಕಲಿಸುತ್ತಾರೆ ಎಂದರು. "ದಸರಾ ತನಕ ನೋಡ್ರಿ. ಇಟ್ಕೊಳ್ಳೋದೋ ಬ್ಯಾಡೋ, ಆಮ್ಯಾಲ ನೀವ ಹೇಳ್ರಿ. ನಿಮ್ಮ ಮಾತ ಕಡೀ ಮಾತು."

ಕಡೆಯ ಮಾತು ನನ್ನದು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಹೆದರಿಕೆಯಾಗುತ್ತದೆ.

ಬಂದವರ ಹೆಸರು ನರಸಿಂಗಪ್ಪ. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರು. ಬಸ್ಸಿನಿಂದ ಇಳಿಯುವಾಗಲೇ ನಗುತ್ತಿದ್ದರು. ಅಷ್ಟು ನಗುವವರನ್ನು ನಾನು ನಂಬುವುದಿಲ್ಲ. ನೇಕಾರರ ಮನೆ, ತಮ್ಮ ಮಗ್ಗದಲ್ಲಿ ಕೂರುತ್ತಾನೆ, ಇವರು ಭಜನೆಗೆ, ಮದುವೆಗೆ ಹಾರ್ಮೋನಿಯಂ ನುಡಿಸುತ್ತಾರೆ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಹಾಗಾಗಿ ಎಲ್ಲರೂ ಅವರನ್ನು ಪೇಟಿ ಮಾಸ್ತರ ಎಂದು ಕರೆದರು.

"ಅಷ್ಟು ದೂರದಿಂದ ಬರ್ತೀರಿ. ನಿಮಗೇನು ಲಾಭ ಮಾಸ್ತರ?" ಎಂದು ನೇರವಾಗಿ ಕೇಳಿದೆ.

"ಮಕ್ಕಳ ಕೂಡ ಆಡಾಕ ಬರ್ತೀನ್ರಿ ಸರ. ಮನ್ಯಾಗ ಆಡಿದ್ರ ನಮ್ಮಮ್ಮ ಬೈತಾಳ."

ಈ ಉತ್ತರದಿಂದ ನನ್ನ ಅನುಮಾನ ಕಡಿಮೆಯಾಗಲಿಲ್ಲ. ಅವರು ತಮ್ಮ ಫೋನ್ ನಂಬರ್ ಹೇಳಿದರು. ಹೆಸರು ಬರೆದು ಇಟ್ಟುಕೊಂಡಂತೆ ಗೋಣು ಹಾಕಿದೆ; ಇಟ್ಟುಕೊಳ್ಳಲಿಲ್ಲ. ಒಬ್ಬ ಮನುಷ್ಯನ ನಂಬರ್ ಫೋನಿನಲ್ಲಿ ಸೇರಿತೆಂದರೆ ಅವನು ಮನೆಯ ಒಳಗೆ ಬಂದ ಹಾಗೆ ಎಂಬುದು ಆಗ ನನ್ನ ಅಭಿಪ್ರಾಯ.

ಶಾಲೆಯಲ್ಲಿ ಒಂದು ಹಳೆಯ ಹಾರ್ಮೋನಿಯಂ ಇತ್ತು, ಯಾರೋ ದಾನಿಗಳು ಕೊಟ್ಟದ್ದು. ಆಫೀಸು ಕೋಣೆಯ ಮೇಜಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಒಂದು ಕಡೆ ಒತ್ತಿದರೆ ಎರಡು ಸ್ವರ ಕೂಗುತ್ತಿದ್ದವು. ಅದನ್ನು ಅವರ ಕೈಗೆ ಕೊಡುವಾಗ, "ಇದಕ್ಕ ನನ್ನ ಸಹಿ ಐತಿ ಮಾಸ್ತರ," ಎಂದೆ. ಮುಂದಿನ ಪ್ರತಿ ಶನಿವಾರವೂ ಅದನ್ನೇ ಹೇಳಿದೆ.

ಅವರು ಸರಿಗಮ ಕಲಿಸಲೇ ಇಲ್ಲ. ಮುಂದೆ ಬರುವ ಹಬ್ಬ ಯಾವುದು ಎಂದು ಮಕ್ಕಳನ್ನೇ ಕೇಳುವರು. ಪಾಠ ಅಲ್ಲಿಂದ ಶುರು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ವಾರ ಮಕ್ಕಳೆಲ್ಲ ಎತ್ತುಗಳಾದರು. ಪೇಟಿಯ ದಪ್ಪ ಸ್ವರಕ್ಕೆ ದೊಡ್ಡೆತ್ತು ಭಾರವಾಗಿ ಹೆಜ್ಜೆ ಇಡಬೇಕು, ಸಣ್ಣ ಸ್ವರಕ್ಕೆ ಕರು ಜಿಗಿಯಬೇಕು. ಯಾವ ಸ್ವರ ಯಾವಾಗ ಬರುತ್ತದೆಂದು ಕಿವಿಗೊಡದ ಎತ್ತು ಇನ್ನೊಂದರ ಮೇಲೆ ಬೀಳುತ್ತಿತ್ತು. ಮೊಹರಂನ ಪೀರಲ ಹಬ್ಬ ಬಂದಾಗ ನಡುವೆ ಬಕೆಟ್ಟು ಇಟ್ಟು ಅದನ್ನೇ ಅಲಾಯಿ ಕುಣಿ ಎಂದರು. ಬೆಂಕಿಯ ಕುಣಿಯ ಸುತ್ತ ಊರವರು ಆಡುವ ಹಾಗೆ ಮಕ್ಕಳು ಮುಂದೆ ಹೋಗಿ ಹಿಂದೆ ಬಂದು ಚಪ್ಪಾಳೆ ತಟ್ಟಿದರು. ಅಡುಗೆಯ ಹುಸೇನಮ್ಮ ಒಲೆಯ ಮೇಲಿನ ಅನ್ನ ಬಿಟ್ಟು ಬಂದು ಅವರ ಜೊತೆ ಸೇರಿದಳು. ಅನ್ನ ತಳ ಹಿಡಿಯಿತು. ಪಂಚಮಿಗೆ ಜೋಕಾಲಿ: ಕೈ ಕೈ ಹಿಡಿದು ಮೇಲೆ ತೂಗುವಾಗ ದನಿ ಏರಬೇಕು, ಕೆಳಗೆ ಬರುವಾಗ ಇಳಿಯಬೇಕು. ನಾನು ಕಿಟಕಿಯ ಹೊರಗೆ ನಿಂತು ಬಕೆಟ್ಟಿಗೆ ಸೀಳು ಬಿಟ್ಟಿದೆಯೇ ಎಂದು ನೋಡುತ್ತಿದ್ದೆ.

ಗಣೇಶನ ಹಬ್ಬದ ಹೊತ್ತಿಗೆ ಬಂದ ಪಾಠ ನನ್ನ ನಿದ್ದೆ ಕೆಡಿಸಿತು. ಅವತ್ತು ಮಾಸ್ತರ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೇಳಿದರು: "ಹಬ್ಬದ ದಿನ ಮುಂಜಾನಿ ನಿಮ್ಮ ಮನ್ಯಾಗ ಮೊದ್ಲು ಏನ್ ಸದ್ದಾಗ್ತೈತಿ? ಒಬ್ಬೊಬ್ರ ಹೇಳ್ರಿ."

"ನಮ್ಮಾಯಿ ಸೊಂಟದಾಗ ಕೀಲಿಕೈ ಗೊಂಚಲ ಐತ್ರಿ. ಜಣ್ ಜಣ್ ಅಂತೈತಿ."

"ಹೌದಾ? ಯಾವಾಗ್ಲೂ ಸೊಂಟದಾಗ ಇರ್ತೈತೋ, ತೆಗದಿಡ್ತಾಳೋ?"

"ಜಳಕ ಮಾಡೂವಾಗ ಗೂಟಕ್ಕ ಹಾಕ್ತಾಳ್ರಿ."

"ನಮ್ಮವ್ವ ಮಂಚದ ಕೆಳಗಿನ ಟ್ರಂಕ್ ಎಳೀತಾಳ್ರಿ. ಗರ್ರ್ ಅಂತೈತಿ. ಹೊಸ ಸೀರಿ ಅದ್ರಾಗ ಅದಾವ."

"ನಿಮ್ಮ ನಾಯಿ ಏನ್ ಮಾಡ್ತೈತಿ?"

"ಹೋಳಿಗಿ ತಿಂದು ಮಕ್ಕೊಂತೈತ್ರಿ. ಯಾರ್ ಬಂದ್ರೂ ಬೊಗಳಂಗಿಲ್ಲ."

ಕಿಟಕಿಯ ಆಚೆ ನಾನು ಬೆರಳು ಮಡಿಚಿ ಎಣಿಸಿದೆ. ಕೀಲಿಕೈ ಎಲ್ಲಿ, ಟ್ರಂಕು ಎಲ್ಲಿ, ನಾಯಿ ಯಾವಾಗ ಮಲಗುತ್ತದೆ. ನಕ್ಕು ನಕ್ಕು, ಪೇಟಿ ನುಡಿಸುತ್ತ, ಊರಿನ ಮನೆಮನೆಯ ಒಳಗನ್ನು ಈ ಮನುಷ್ಯ ಮಕ್ಕಳ ಬಾಯಿಂದ ತೆಗೆದುಕೊಳ್ಳುತ್ತಿದ್ದಾನೆ. ಕಡೆಗೆ ಈರಮ್ಮನ ಸರದಿ ಬಂತು. ನಮ್ಮ ಮನೆಯ ಎದುರು ಮನೆಯ ಹುಡುಗಿ, ಎರಡನೇ ತರಗತಿ. ಅವಳು ಬಾಯಿ ತೆರೆದವಳು ಕಿಟಕಿಯಲ್ಲಿ ನನ್ನನ್ನು ಕಂಡು ಮುಚ್ಚಿಕೊಂಡಳು. ಎದ್ದು ಹೋಗಿ ಮಾಸ್ತರರ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನನ್ನ ಕಡೆ ನೋಡಿದರು. ಮಾಸ್ತರ ಪೇಟಿಯ ಮೇಲೆ ತಲೆ ಇಟ್ಟು ನಕ್ಕರು.

ಅಂದರೆ ಪಟ್ಟಿಯಲ್ಲಿ ನಮ್ಮ ಮನೆಯೂ ಸೇರಿತ್ತು.

ಹುಸೇನಮ್ಮನ ಮುಂದೆ ಮೆಲ್ಲಗೆ ವಿಷಯ ತೆಗೆದೆ. ಅವಳು ಬೇಳೆ ಆರಿಸುತ್ತಲೇ ಹೇಳಿದಳು, "ಸರ, ಅಂವ ಕಳ್ಳ ಆದ್ರ ನಮ್ಮೂರಾಗ ಏನ್ ಒಯ್ತಾನ? ಜ್ವಾಳದ ಚೀಲ ಹೊತ್ಕೊಂಡು ಜೂರಾಲ ಡ್ಯಾಮ್ ದಾಟ್ತಾನ?"

"ನಿನಗ ಗೊತ್ತಾಗಂಗಿಲ್ಲ. ಹಿಂಗ ಶುರು ಆಗ್ತೈತಿ."

"ನೀವು ನನ್ನೂ ಹಿಂಗ ಅಂದಿದ್ರಿ. ಎಣ್ಣಿ ಡಬ್ಬಿಗೆ ಗೆರಿ ಹಾಕಿದ್ರಿ. ಗೆರಿ ಅಳಿಸಿ ಹೋತು, ನಾ ಇನ್ನಾ ಇಲ್ಲೇ ಅದೀನಿ."

ಮಾಸ್ತರ ಮುಂದಿನ ಶನಿವಾರಗಳಲ್ಲಿ ಆ ಸದ್ದುಗಳನ್ನೆಲ್ಲ ಪೋಣಿಸಿ ಒಂದು ಆಟ ಕಟ್ಟತೊಡಗಿದರು. ಅದರ ಹೆಸರು ಹಬ್ಬದ ಮನೆ. ದಸರಾ ರಜೆ ಮುಗಿದ ಮೇಲೆ ಅಧಿಕಾರಿಗಳ ಮುಂದೆ, ಊರವರ ಮುಂದೆ ಆಡಿಸುವುದು ಎಂದಾಯಿತು. ಅವತ್ತೇ ನನ್ನ ಕಡೆಯ ಮಾತನ್ನೂ ಹೇಳಬೇಕು. ಏನು ಹೇಳಬೇಕೆಂದು ನಾನು ಆಗಲೇ ನಿರ್ಧರಿಸಿಬಿಟ್ಟಿದ್ದೆ. ಕಾರಣ ಕೇಳಿದರೆ ಹೇಳಲು ಒಂದು ಸಾಕ್ಷಿ ಬೇಕಿತ್ತು, ಅಷ್ಟೆ.

ಶಾಲೆಗೆ ರಜೆ ಬಿಟ್ಟಿತು. ಮಹಾನವಮಿಯ ಮುಂಜಾನೆ ಶಂಕ್ರಮ್ಮ ಆಯುಧ ಪೂಜೆಗೆ ಅಣಿ ಮಾಡುತ್ತ ಕೇಳಿದಳು, "ರೀ, ನಿಮ್ಮ ಆಯುಧ ಯಾವುದು ಕೊಡ್ರಿ." ಎದುರು ಮನೆಯವರು ಕುಡಗೋಲು, ಕಳೆ ತೆಗೆಯುವ ಕುರ್ಚಿಗಿ ತೊಳೆಯುತ್ತಿದ್ದರು. ನಾನು ಪೆನ್ನು ಕೊಟ್ಟೆ.

"ಇದ್ರಾಗ ನೀವು ಏನ್ ಬರದೀರಿ? ನೀವು ದಿನಾ ಹಿಡಕೊಂಡು ಕಾಯೋದು ಸಾಲಿ ಕೀಲಿ. ಅದನ್ನ ತಗೊಂಡ್ ಬರ್ರಿ."

ಮಾತು ಸರಿಯಾಗಿಯೇ ಇತ್ತು. ಅದೇ ನನ್ನ ಕಷ್ಟ. ಆಗಲೇ ಹೋಗಿ ಆಫೀಸು ಕೋಣೆಯ ಕೀಲಿ ತೆಗೆದು, ಚಿಲಕಕ್ಕೆ ನೂಲಿನ ಹಗ್ಗದಿಂದ ದನ ಕಟ್ಟುವ ಗಂಟು ಹಾಕಿ ಬಂದೆ. ಅವಳು ಹುಣಸೆ ಹಣ್ಣಿನಲ್ಲಿ ಉಜ್ಜಿ, ಕುಂಕುಮ ಇಟ್ಟು, ಕೀಲಿ ಕೀಲಿಕೈ ಎರಡನ್ನೂ ನಮ್ಮ ಮನೆಯ ಕುಡಗೋಲಿನ ಪಕ್ಕ ಕೂರಿಸಿದಳು. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಇದು ಎಲ್ಲ ಮನೆಗಳಲ್ಲೂ ಇರುವ ಪದ್ಧತಿ. ಅಷ್ಟು ಹೊತ್ತು ಶಾಲೆ ದೇವರ ಮೇಲೆ.

ಊಟಕ್ಕೆ ಕೂತಾಗ ಫೋನು ಬಡಿದುಕೊಂಡಿತು. ಹೆಸರಿಲ್ಲದ ನಂಬರ್. ಮುಂಜಾನೆಯಿಂದ ಇದೇ ನಂಬರ್ ಕರೆಯುತ್ತಿತ್ತು. "ಮೋಸಗಾರರಿಗೆ ಹಬ್ಬಾನೂ ಇಲ್ಲ," ಎಂದು ಮತ್ತೆ ಕತ್ತರಿಸಿದೆ. ಕೀಲಿ ಇಲ್ಲದ ಬಾಗಿಲು ನೆನಪಾಗಿ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ. ಶಾಲೆಗೆ ಹೋದೆ.

ಚಿಲಕಕ್ಕೆ ಹಗ್ಗ ಇತ್ತು. ಗಂಟು ನನ್ನದಲ್ಲ. ಸಣ್ಣಗೆ, ಗಟ್ಟಿಯಾಗಿ, ತುದಿ ಕಾಣದ ಹಾಗೆ ಬಿಗಿದ ಗಂಟು. ಮಗ್ಗದಲ್ಲಿ ಎಳೆ ಹರಿದರೆ ನೇಕಾರರು ಹಾಕುವಂಥದು. ಒಳಗೆ ಮೇಜಿನ ಮೇಲೆ ಬಟ್ಟೆ ಮಡಿಸಿ ಇಟ್ಟಿತ್ತು. ಹಾರ್ಮೋನಿಯಂ ಇರಲಿಲ್ಲ.

ಕದ್ದವನು ಬಾಗಿಲು ಕಟ್ಟಿ, ಬಟ್ಟೆ ಮಡಿಸಿಟ್ಟು ಹೋಗುತ್ತಾನೆಯೇ ಎಂದು ನೀವು ಕೇಳಬಹುದು. ಆಗ ನನಗೆ ಅದೇ ದೊಡ್ಡ ಸಾಕ್ಷಿಯಾಗಿ ಕಂಡಿತು. ಎಂಥ ಚಾಲಾಕು.

ಹುಸೇನಮ್ಮ ಹಬ್ಬಕ್ಕೆ ಕೊತ್ತಪಲ್ಲಿಯ ತಂಗಿಯ ಮನೆಗೆ ಹೋಗಿದ್ದಳು. ನಾನು ಒಬ್ಬನೇ ಪೊಲೀಸ್ ಠಾಣೆಗೆ ಹೋದೆ. ಬಾಗಿಲಿಗೆ ಬಾಳೆಗಿಡ ಕಟ್ಟಿದ್ದರು. ನನಗೆ ಪರಿಚಯದ ಕಾನ್‌ಸ್ಟೇಬಲ್ ಶರಣಪ್ಪ ಹಣೆಯ ತುಂಬ ವಿಭೂತಿ ಹಚ್ಚಿ ಪ್ರಸಾದ ಹಂಚುತ್ತಿದ್ದ. ಲಾಠಿಗಳು, ಬಂದೂಕು, ರೈಟರ್ ಸಾಹೇಬರ ಪೆನ್ನು ಎಲ್ಲ ಕುಂಕುಮ ಹಚ್ಚಿಕೊಂಡು ಸಾಲಾಗಿ ಕೂತಿದ್ದವು.

ವಿಷಯ ಹೇಳಿದೆ. "ಪೂಜಿಗೆ ಕುಂತ ಪೆನ್ನು ಎತ್ತಾಕ ಬರಂಗಿಲ್ರಿ ಸರ. ಆದ್ರ ಏನಾತು, ಬ್ಯಾರೆ ಪೆನ್ನು ತಂದು ಈಗ ಬರಕೋತೀನಿ," ಎಂದು ಅವನು ಕೈ ಒರೆಸಿಕೊಂಡ. "ಯಾರ ಮ್ಯಾಲ ಅನುಮಾನ? ಹೆಸರು ಹೇಳ್ರಿ."

"ಹೆಸರು ಬರದ್ರ ಏನ್ ಮಾಡ್ತೀರಿ?"

"ಕರಸ್ತೀವಿ. ಹಬ್ಬದ ದಿನ ಮನೀಗೆ ಹೋಗಿ ಕರಕೊಂಡು ಬರಬೇಕಾಗ್ತೈತಿ. ಓಣಿ ಮಂದಿ ನೋಡ್ತಾರ, ಅದಕ್ಕ ಏನೂ ಮಾಡಾಕ ಬರಂಗಿಲ್ಲ. ಹೇಳ್ರಿ, ಯಾರು?"

ನಾನು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಊರನ್ನೆಲ್ಲ ಅನುಮಾನಿಸುತ್ತ ಬಂದವನು, ಖಾಕಿ ಬಟ್ಟೆಯ ಮುಂದೆ ಒಂದು ಹೆಸರನ್ನು ಗಟ್ಟಿಯಾಗಿ ಹೇಳಬೇಕಾಗಿ ಬಂದದ್ದು ಅವತ್ತೇ. ಅನುಮಾನ ಹೊಟ್ಟೆಯೊಳಗೆ ಇರುವ ತನಕ ನನ್ನದು. ಒಮ್ಮೆ ಬರೆದರೆ ನರಸಿಂಗಪ್ಪನದಾಗುತ್ತದೆ. ಹಬ್ಬದ ದಿನ ಗದ್ವಾಲಿನ ಓಣಿಯಲ್ಲಿ ಅವರು ನಗುತ್ತ ಜೀಪು ಹತ್ತುವುದು ಕಣ್ಣಿಗೆ ಕಟ್ಟಿತು. ಆ ನಗು ಯಾಕೋ ಸರಿಯಾಗಿ ಕಾಣಲಿಲ್ಲ.

"ಮೊದ್ಲು ನಾ ಹೋಗಿ ನೋಡಿ ಬರ್ತೀನಿ," ಎಂದೆ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ," ಎಂದು ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸಿನ ಮೂತಿಗೆ ಚೆಂಡು ಹೂವಿನ ಹಾರ, ಗಾಜಿಗೆ ಅಡ್ಡವಾಗಿ ಬಾಳೆ ಎಲೆ. ಡ್ರೈವರಿಗೆ ದಾರಿ ಕಾಣುತ್ತದೆಯೇ ಎಂದು ಚಿಂತಿಸುತ್ತ ಕೂತೆ. ಜೂರಾಲ ಡ್ಯಾಮಿನ ಮೇಲೆ ಬಸ್ಸು ನಿಧಾನವಾಯಿತು. ಗೇಟು ಬಿಟ್ಟಿದ್ದರು, ಕೃಷ್ಣೆ ಕೆಳಗೆ ಬಿಳಿಯಾಗಿ ಮುರಿದು ಬೀಳುತ್ತಿತ್ತು. ಕರಿದ ಮೀನಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಲಿಂಗ ಕಟ್ಟಿದ ಮನುಷ್ಯ ನಾನು, ಮೂಗು ಮುಚ್ಚಿಕೊಂಡೇ ಜಿಲ್ಲೆ ದಾಟಿದೆ.

ಗದ್ವಾಲಿನ ಕೋಟೆಯ ಹತ್ತಿರದ ಓಣಿಯಲ್ಲಿ ಪೇಟಿ ನರಸಿಂಗಪ್ಪ ಎಂದರೆ ಎಲ್ಲರೂ ಕೈ ತೋರಿಸಿದರು. ಅಡಗಿ ಕೂತವನಿಗೆ ಇಷ್ಟು ಹೆಸರು ಇರುವುದೂ ಅನುಮಾನದ ಸಂಗತಿಯೇ. ಮನೆಯ ಬಾಗಿಲು ಹಾರು ಹೊಡೆದಿತ್ತು. ಮಗ್ಗ ನಿಂತಿತ್ತು, ಅದಕ್ಕೆ ಅರಿಶಿನ ಕುಂಕುಮ. ದೇವರ ಮುಂದೆ ಲಾಳಿ, ಕತ್ತರಿ, ಎಳೆ ಸುತ್ತುವ ರಾಟಿ. ಎಲ್ಲದರ ನಡುವೆ, ಎಲ್ಲಕ್ಕಿಂತ ದೊಡ್ಡ ಹೂವಿನ ಹಾರ ಹಾಕಿಕೊಂಡು ನಮ್ಮ ಶಾಲೆಯ ಹಾರ್ಮೋನಿಯಂ ಕೂತಿತ್ತು.

ಮಾಸ್ತರ ನನ್ನನ್ನು ಕಂಡು ಎದ್ದು ಬಂದರು. "ಬರ್ರಿ ಸರ, ಬರ್ರಿ. ಅಂತೂ ನನ್ನ ಫೋನು ನೋಡಿದ್ರಲ್ಲ."

ನನ್ನ ಕೈ ಅಂಗಿಯ ಜೇಬಿಗೆ ಹೋಯಿತು, ಅಲ್ಲೇ ನಿಂತಿತು.

"ಮುಂಜಾನಿ ಅಲ್ಲೇ ಪೇಟಿಗೆ ಹೂವಾ ಇಟ್ಟು ಬರೋಣಂತ ಬಂದಿದ್ದೆ. ನೋಡಿದ್ರ ಬಾಗ್ಲಿಗೆ ಕೀಲಿನ ಇಲ್ಲ, ಬರೇ ಹಗ್ಗ. ನಿಮ್ಮ ಸಹಿ ಐತಿ, ನಿಮ್ಮ ಸಹಿ ಐತಿ ಅಂತ ನೀವು ವಾರ ವಾರಾ ಹೇಳೋರು. ಯಾರರ ಒಯ್ದ್ರ ನಿಮ್ಮ ಗತಿ ಏನು? ಫೋನ್ ಮ್ಯಾಲ ಫೋನ್ ಹಚ್ಚಿದೆ, ನೀವು ಎತ್ತಲಿಲ್ಲ. ನಿಮ್ಮ ಮನೀಗೆ ಬರೋಣಂದ್ರ ಬಸ್ಸು ಹೊಂಟು ನಿಂತಿತ್ತು, ಹಬ್ಬದ ದಿನ ಅದು ಬಿಟ್ರ ಮಧ್ಯಾನ್ನದ ತನಕ ಬಸ್ಸಿಲ್ಲ. ಎತ್ತಿಕೊಂಡು ಬಂದುಬಿಟ್ಟೆ."

ಒಳಗಿನಿಂದ ಒಬ್ಬ ಮುದುಕಿ ಗೋಡೆ ಹಿಡಿದು ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎವರು ರಾ ಈಯನ?" ಇವರು ಯಾರು ಎಂದು ತೆಲುಗಿನಲ್ಲಿ ಮಗನನ್ನು ಕೇಳಿದಳು. ಪೇಟಿಯ ಹೆಸರು ಕಿವಿಗೆ ಬಿದ್ದಿತೋ ಏನೋ, ಹಾರ್ಮೋನಿಯಂಗೂ ನನಗೂ ನಡುವೆ ಬಂದು ಕೂತಳು. ಅನುಮಾನದ ಕಣ್ಣು ಹೇಗಿರುತ್ತದೆಂದು ಎದುರಿನಿಂದ ನೋಡಿದ್ದು ನಾನು ಅದೇ ಮೊದಲು. ಅದು ಅಷ್ಟೇನೂ ಚೆನ್ನಾಗಿರುವುದಿಲ್ಲ.

"ಒಯ್ತೀರೇನ್ರಿ ಸರ?" ಮಾಸ್ತರ ಕೇಳಿದರು. "ಒಯ್ಯೋದಾದ್ರ ನೀವ ಎತ್ರಿ. ನಾನಂತೂ ನಾಳೆ ಬನ್ನಿ ಮುಡಿಯೂ ತನಕ ಮುಟ್ಟಂಗಿಲ್ಲ."

ನಾನು ಹೂವಿನ ಹಾರವನ್ನು ನೋಡಿದೆ, ಮುದುಕಿಯನ್ನು ನೋಡಿದೆ. ನನ್ನ ಕೀಲಿಯೇ ಅಲ್ಲಿ ಕುಡಗೋಲಿನ ಪಕ್ಕ ಕೂತಿರುವಾಗ ಇದನ್ನು ಎತ್ತಲು ನನಗೆ ಯಾವ ಮುಖ. "ಸುಮ್ಮನ ನೋಡಾಕ ಬಂದೆ," ಎಂದೆ. ಮುದುಕಿ ಎದ್ದು ಹೋಗಿ ತಟ್ಟೆಯಲ್ಲಿ ಭಕ್ಷ್ಯ ತಂದು ಕೊಟ್ಟಳು. ಮನೆಯಲ್ಲಿ ಅರ್ಧಕ್ಕೆ ಬಿಟ್ಟು ಬಂದ ಹಬ್ಬ ಅಲ್ಲಿ ಪೂರ್ತಿಯಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಆ ನಂಬರಿಗೆ ಹೆಸರು ಬರೆದೆ: ಪೇಟಿ ಮಾಸ್ತರ.

ಮರುದಿನ ಸಂಜೆ ಅವರೇ ಹಾರ್ಮೋನಿಯಂ ಹೊತ್ತು ಬಂದರು. ಮೊದಲು ಬನ್ನಿ ಎಲೆ ಕೈಗಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ," ಎಂದರು. ಆಮೇಲೆ ಪೇಟಿ ಕೊಟ್ಟರು. ಅದನ್ನು ಸುತ್ತಲೂ ತಿರುಗಿಸಿ ನೋಡಿದೆ, ಅಭ್ಯಾಸಬಲ. ಎರಡು ಸ್ವರ ಒಟ್ಟಿಗೆ ಕೂಗುತ್ತಿದ್ದ ಜಾಗವನ್ನು ಪೂಜೆಗೆ ಕೂರಿಸುವ ಮುಂಚೆಯೇ ರಿಪೇರಿ ಮಾಡಿದ್ದರು.

ರಜೆ ಮುಗಿದ ಮೊದಲ ಶನಿವಾರ ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿದೆವು. ಅಧಿಕಾರಿಗಳು ಬಂದರು, ಊರವರು ಬಂದರು. ಮಾಸ್ತರ ಪೇಟಿಯಲ್ಲಿ ಒಂದೇ ಸ್ವರ ಹಿಡಿದರು, ಕೋಳಿ ಕೂಗುವ ಮುಂಚಿನ ಕತ್ತಲಿನ ಹಾಗೆ. ಆಗ ಈರಮ್ಮ ಎದ್ದು ನಿಂತಳು. ಅವಳ ಕೈಯಲ್ಲಿ ಹುಸೇನಮ್ಮನ ಅಡುಗೆ ಕೋಣೆಯ ಕೀಲಿ.

ಟಕ್ ಟಕ್ ಟಕ್.

ಅವಳು ನಾಲ್ಕು ಹೆಜ್ಜೆ ನಡೆದಳು, ಭುಜ ತುಸು ಮೇಲೆತ್ತಿ, ಕುತ್ತಿಗೆ ಮುಂದೆ ಚಾಚಿ. ನಿಂತಳು. ಹುಬ್ಬು ಗಂಟು ಹಾಕಿದಳು. ತಿರುಗಿ ಬಂದಳು.

ಟಕ್ ಟಕ್.

ಕೂಡಲೇ ಸುತ್ತಲಿನ ಮಕ್ಕಳೆಲ್ಲ ಎದ್ದರು. ಕೀಲಿಕೈ ಗೊಂಚಲು ಜಣ್ ಎಂದಿತು, ಟ್ರಂಕು ಗರ್ರ್ ಎಂದಿತು, ನಾಯಿ ಆಕಳಿಸಿ ಮಲಗಿತು. ನಡುನಡುವೆ ಮತ್ತೆ ಮತ್ತೆ ಎಲ್ಲರೂ ಸೇರಿ ಟಕ್ ಟಕ್ ಟಕ್, ನಾಲ್ಕು ಹೆಜ್ಜೆ, ಟಕ್ ಟಕ್. ಆಟದ ತಾಳವೇ ಅದಾಗಿತ್ತು. ಮೊದಲು ನಕ್ಕವಳು ಶಂಕ್ರಮ್ಮ. ಆಮೇಲೆ ಊರೆಲ್ಲ ನಕ್ಕು ನನ್ನ ಕಡೆ ತಿರುಗಿತು. ನಾನು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡೆ. ಎಲ್ಲ ಸರಿಯಾಗಿದ್ದವು.

"ಎದುರು ಮನೀ ಸರ ಕೀಲಿ ಜಗ್ಗಿದ್ರ ನಮ್ಮನ್ಯಾಗ ಮುಂಜಾನಿ ಆಗ್ತೈತಿ ಅಂತ ಈ ಹುಡಿಗಿ ಅವತ್ತ ನನ್ನ ಕಿವ್ಯಾಗ ಹೇಳಿದ್ಲು," ಎಂದರು ಮಾಸ್ತರ ಆಮೇಲೆ. "ನೀವು ಬೇಜಾರ ಆಗ್ತೀರಂತ ಗುಟ್ಟಾಗಿ ಇಟ್ಟಿದ್ವಿ."

ಅಧಿಕಾರಿಗಳು ಕಣ್ಣೊರೆಸಿಕೊಳ್ಳುತ್ತ ಬಂದರು. "ಏನ್ರಿ ಸರ, ನಿಮ್ಮ ಕಡೀ ಮಾತು? ಮಾಸ್ತರ ಇರ್ಲೋ ಬ್ಯಾಡೋ?"

"ಇರ್ಲಿ ಸರ," ಎಂದೆ. "ಆದ್ರ ಆ ಪೇಟಿಗೆ ಒಂದು ಬ್ಯಾರೆ ಕೀಲಿ ಕೊಡಸ್ರಿ."

ಮರುದಿನದಿಂದಲೇ ಸುಧಾರಿಸಬೇಕೆಂದು ನಿರ್ಧರಿಸಿದೆ. ಊರ ಮುಂದೆ ಇನ್ನೊಮ್ಮೆ ತಾಳವಾಗುವುದು ಬೇಡ. ಶಂಕ್ರಮ್ಮ ಅವತ್ತೇ ಸಂಜೆ ತವರಿಗೆ ಹೋಗಿದ್ದಳು. ದಿನಾ ಇಬ್ಬರೂ ಕೂಡಿ ಹೋಗುವ ಗುಡಿಗೆ ಮರುದಿನ ನಸುಕಿನಲ್ಲಿ ಎದ್ದು ಜಳಕ ಮಾಡಿ ಒಬ್ಬನೇ ಹೊರಟೆ. ಬಾಗಿಲು ಹಾಕಿ, ಕೀಲಿ ಒತ್ತಿ, ಒಂದೇ ಸಲ ಜಗ್ಗಿ, ತಿರುಗಿ ನೋಡದೆ ನಡೆದೆ. ಓಣಿಯ ತಿರುವಿನ ತನಕ ಹೋಗಿದ್ದೆ. ಕೈ ಹಿಂದಕ್ಕೆ ಕಟ್ಟಿಕೊಂಡು ನಡೆಯುತ್ತಲೇ ಇದ್ದೆ.

"ಸರ," ಎಂದು ಹಿಂದಿನಿಂದ ಕೂಗು ಬಂತು. ಈರಮ್ಮನ ತಾಯಿ, ಕೈಯಲ್ಲಿ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಇವತ್ತ ಯಾಕ್ರಿ ಒಂದ ಸಲ? ಹುಡಿಗಿ ಹಾಸಿಗ್ಯಾಗ ಕುಂತು, ಸರ ಇನ್ನಾ ಮುಗಿಸಿಲ್ಲ ಅಂತಾಳ. ಏಳವಲ್ಲಳು."

ನಾನು ತಿರುಗಿ ಬಂದೆ. ಓಣಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡೂ ಕಡೆ ನೋಡಿದೆ. ಆಮೇಲೆ ಕೀಲಿಗೆ ಕೈ ಹಾಕಿ, ಮೊದಲಿನಿಂದ ಶುರು ಮಾಡಿದೆ.